ಇಂಪ್ಲಾಂಟ್‌ನ ಕೆನ್ನೆ ಬದಿಯ ಮೂಳೆ: ಸಿಬಿಸಿಟಿ ಓದಲು ನಾನು ಕಲಿತ ಬಗೆ

ಕೆಳದವಡೆಯ ಎಡಬದಿಯಲ್ಲಿ ಆರು ವರ್ಷಗಳ ಹಿಂದೆ ಬೇರೆ ಊರಿನಲ್ಲಿ ಇಂಪ್ಲಾಂಟ್ (ಹೋದ ಹಲ್ಲಿನ ಬೇರಿನ ಬದಲಿಗೆ ದವಡೆ ಮೂಳೆಯಲ್ಲಿ ಕೂಡಿಸುವ, ಸಾಮಾನ್ಯವಾಗಿ ಟೈಟಾನಿಯಂನ ಸ್ಕ್ರೂ) ಹಾಕಿಸಿಕೊಂಡಿದ್ದ ಶಿಕ್ಷಕಿಯೊಬ್ಬರು ನನ್ನ ಬಳಿ ಬಂದು, “ನೋವೇನೂ ಇಲ್ಲ ಡಾಕ್ಟ್ರೇ, ಹಲ್ಲುಜ್ಜುವಾಗ ಅಲ್ಲಿ ಮಾತ್ರ ರಕ್ತ ಬರುತ್ತೆ” ಎಂದರು. ಸುತ್ತಲೂ ಪ್ರೋಬ್ (ಒಸಡಿನ ಸಂದಿನ ಆಳ ಅಳೆಯುವ ತೆಳು ಕಡ್ಡಿ) ಇಳಿಸಿ ನೋಡಿದಾಗ ಮೂರು ಬದಿಗಳಲ್ಲಿ 3 ಮಿ.ಮೀ. ಆಳವಿತ್ತು, ಕೆನ್ನೆ ಬದಿಯ ನಡುವೆ ಮಾತ್ರ ಅದು 7 ಮಿ.ಮೀ. ಇಳಿಯಿತು. ಒಸಡನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಸಾಸಿವೆ ಕಾಳಿನಷ್ಟು ಕೀವು ಕಾಣಿಸಿತು.

ಆದರೆ ಹಲ್ಲಿನ ಚಿಕ್ಕ ಎಕ್ಸ್‌ರೇಯಲ್ಲಿ ಇಂಪ್ಲಾಂಟ್‌ನ ಹಿಂದೆ ಮುಂದೆ ಮೂಳೆ ಮೊದಲ ಥ್ರೆಡ್‌ವರೆಗೂ (ಸ್ಕ್ರೂವಿನ ಮೇಲಿನ ಮೊದಲ ಸುತ್ತಿನವರೆಗೂ) ಸರಿಯಾಗಿಯೇ ಇತ್ತು. ಅದು ಚಿತ್ರದ ತಪ್ಪಲ್ಲ. ಆ ಎಕ್ಸ್‌ರೇ ಕೆನ್ನೆ ಬದಿಯಿಂದ ನಾಲಿಗೆ ಬದಿಗೆ ಬೀಳುವ ನೆರಳು. ಆ ಎರಡು ಬದಿಗಳ ಮೂಳೆ ಟೈಟಾನಿಯಂನ ಬಿಳುಪಿನಲ್ಲೇ ಮುಚ್ಚಿಹೋಗುತ್ತದೆ. ಹಳೆಯ ದಾಖಲೆಗಳಿಲ್ಲದಿದ್ದಾಗ, ಒಸಡು ಮತ್ತು ಇಂಪ್ಲಾಂಟ್ ರೋಗಗಳ ವರ್ಗೀಕರಣ ಕುರಿತ 2017ರ ವಿಶ್ವ ಕಾರ್ಯಾಗಾರ ಒಪ್ಪಿದ ವ್ಯಾಖ್ಯೆಯಂತೆ, ರಕ್ತ ಅಥವಾ ಕೀವಿನ ಜೊತೆಗೆ 6 ಮಿ.ಮೀ. ಅಥವಾ ಹೆಚ್ಚಿನ ಆಳವೂ 3 ಮಿ.ಮೀ. ಅಥವಾ ಹೆಚ್ಚಿನ ಮೂಳೆ ನಷ್ಟವೂ ಇದ್ದರೆ ಅದು ಪೆರಿ-ಇಂಪ್ಲಾಂಟೈಟಿಸ್, ಅಂದರೆ ಇಂಪ್ಲಾಂಟ್ ಸುತ್ತ ಉರಿಯೂತದೊಂದಿಗೆ ಮೂಳೆ ಕರಗುವ ರೋಗ. ನನಗೆ ಮೊದಲೆರಡು ಸಿಕ್ಕಿದ್ದವು, ಮೂರನೆಯದು ಅಡಗಿತ್ತು.

ಯಾವ ತೊಂದರೆಯೂ ಇಲ್ಲದ ಇಂಪ್ಲಾಂಟ್‌ಗೆ ತಪಾಸಣೆಯ ಹೆಸರಿನಲ್ಲಿ ಸಿಬಿಸಿಟಿ (ದವಡೆಯನ್ನು ಮೂರು ಆಯಾಮಗಳಲ್ಲಿ ತೋರಿಸುವ ಎಕ್ಸ್‌ರೇ ಸ್ಕ್ಯಾನ್) ತೆಗೆಸುವುದನ್ನು ನಾನು ಒಪ್ಪುವುದಿಲ್ಲ. ಬಾಯಿ-ದವಡೆ ರೇಡಿಯಾಲಜಿಯ ಅಮೆರಿಕನ್ ಅಕಾಡೆಮಿ 2012ರಲ್ಲೇ ಹಾಗೆ ಮಾಡಬಾರದೆಂದು ಹೇಳಿದೆ. ವಿಕಿರಣವೂ ಚಿಕ್ಕ ಎಕ್ಸ್‌ರೇಗಿಂತ ಹಲವು ಪಟ್ಟು ಹೆಚ್ಚು. ಇಲ್ಲಿ ಕೀವಿತ್ತು, ಉತ್ತರ ಸಿಗದ ಪ್ರಶ್ನೆಯಿತ್ತು. ಇಂಪ್ಲಾಂಟ್‌ನ ಮೇಲಿನ ಕ್ಯಾಪ್ (ಕೃತಕ ಹಲ್ಲು) ಅನ್ನು ಸ್ಕ್ರೂನಿಂದ ಕೂಡಿಸಿದ್ದರಿಂದ ಅದನ್ನು ಬಿಚ್ಚಿ, ಲೋಹದ ಪ್ರಮಾಣ ಕಡಿಮೆ ಮಾಡಿ, ಇಡೀ ದವಡೆಯ ಬದಲು ಐದು ಸೆಂಟಿಮೀಟರ್‌ನಷ್ಟು ಜಾಗವನ್ನು ಮಾತ್ರ ಸಣ್ಣ ವೋಕ್ಸೆಲ್‌ನಲ್ಲಿ (ವೋಕ್ಸೆಲ್ ಎಂದರೆ ಮೂರು ಆಯಾಮದ ಚಿತ್ರದ ಅತಿ ಚಿಕ್ಕ ಘನ) ತೆಗೆಯುವಂತೆ ಸ್ಕ್ಯಾನ್ ಕೇಂದ್ರಕ್ಕೆ ಬರೆದುಕೊಟ್ಟೆ.

ನಿಜವಾದ ಕೆಲಸ ಕಂಪ್ಯೂಟರಿನ ಮುಂದೆ ಶುರುವಾಯಿತು. ಸಾಫ್ಟ್‌ವೇರ್ ತಾನಾಗಿ ಕೊಡುವ ಸೀಳುನೋಟಗಳು ದವಡೆಯ ಬಾಗಿಗೆ ಹೊಂದಿಕೊಂಡಿರುತ್ತವೆಯೇ ಹೊರತು ಇಂಪ್ಲಾಂಟ್‌ನ ಓರೆಗೆ ಅಲ್ಲ. ಹಾಗಾಗಿ ಮೂರೂ ನೋಟಗಳಲ್ಲಿ ಅಕ್ಷದ ಗೆರೆಯನ್ನು ಇಂಪ್ಲಾಂಟ್‌ನ ನಡುಮಧ್ಯಕ್ಕೆ ತಂದು ನಿಲ್ಲಿಸಿ, ಅದನ್ನೇ ಕಂಬವಾಗಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಸುತ್ತಲೂ ತಿರುಗಿಸುತ್ತಾ ನೋಡುವುದು ನನ್ನ ರೂಢಿ. ಕೆನ್ನೆ ಬದಿಗೆ ಬಂದಾಗ ಮೇಲಿನ ಥ್ರೆಡ್‌ಗಳ ಪಕ್ಕದಲ್ಲಿ ಬಟ್ಟಲಿನಂತೆ ಬಾಗಿದ ಕಪ್ಪು ಭಾಗ ಕಂಡಿತು. ಇಂಪ್ಲಾಂಟ್‌ನ ಭುಜದಿಂದ (ಮೇಲಂಚಿನಿಂದ) ಆ ಕಪ್ಪು ಭಾಗದ ತಳಕ್ಕೆ ಅಳೆದರೆ 5.5 ಮಿ.ಮೀ. ನಾಲಿಗೆ ಬದಿಯ ಮೂಳೆ ಗಟ್ಟಿಯಾಗಿತ್ತು.

ಈ ಕಪ್ಪನ್ನು ನಂಬುವ ಮುನ್ನ ನಾನು ಬಹಳ ಹೊತ್ತು ಕೂರುತ್ತೇನೆ. ಟೈಟಾನಿಯಂ ಕಡಿಮೆ ಶಕ್ತಿಯ ಕಿರಣಗಳನ್ನು ಹೀರಿಕೊಳ್ಳುವುದರಿಂದ ಅದರ ಪಕ್ಕದಲ್ಲಿ, ನಿಜದಲ್ಲಿ ಇಲ್ಲದ ಕಪ್ಪು ಪಟ್ಟಿಗಳು ಚಿತ್ರದಲ್ಲಿ ಮೂಡುತ್ತವೆ. ಎರಡು ಇಂಪ್ಲಾಂಟ್‌ಗಳ ನಡುವೆ ಅವು ಇನ್ನೂ ಗಾಢವಾಗುತ್ತವೆ, ಜಿರ್ಕೋನಿಯಾ ಎಂಬ ಬಿಳಿ ಪಿಂಗಾಣಿಯಂಥ ವಸ್ತುವಿನ ಇಂಪ್ಲಾಂಟ್ ಆದರಂತೂ ಹೇಳುವುದೇ ಬೇಡ. ಕೆಲವು ವರ್ಷಗಳ ಹಿಂದೆ ಮೇಲ್ದವಡೆಯ ಇಂಪ್ಲಾಂಟ್ ಒಂದರಲ್ಲಿ ಕೆನ್ನೆ ಬದಿಯ ಮೂಳೆಯೇ ಇಲ್ಲವೆಂದು ಚಿತ್ರ ನೋಡಿ ತೀರ್ಮಾನಿಸಿ, ಪ್ರೋಬ್ ಅಷ್ಟು ಆಳಕ್ಕೆ ಹೋಗದಿದ್ದರೂ ಒಸಡು ಬಿಡಿಸಿದ್ದೆ. ಅಲ್ಲಿ ಉಗುರಿನಷ್ಟು ತೆಳುವಾದ ಮೂಳೆಯ ಹಾಳೆ ಅಖಂಡವಾಗಿತ್ತು. ಆ ರೋಗಿಗೆ ಬೇಡದ ಶಸ್ತ್ರಚಿಕಿತ್ಸೆ ಮಾಡಿದ ನೋವು ನನ್ನಲ್ಲಿ ಇಂದಿಗೂ ಇದೆ. ಅಂದಿನಿಂದ ಕಪ್ಪಿನ ಅಂಚನ್ನು ಗಮನಿಸುತ್ತೇನೆ. ಲೋಹದ ನೆರಳು ನೇರ ಗೆರೆಯಾಗಿ ಇಂಪ್ಲಾಂಟ್‌ನ ತುದಿಯವರೆಗೂ ಒಂದೇ ಸಮನೆ ಇಳಿಯುತ್ತದೆ, ಮೂಳೆಯನ್ನು ದಾಟಿ ಒಸಡಿನೊಳಕ್ಕೂ ಚಾಚುತ್ತದೆ. ನಿಜವಾದ ನಷ್ಟ ಬಾಗಿದ ಅಂಚಿನೊಂದಿಗೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಚಿತ್ರ ತೋರಿಸಿದ ಬದಿಯಲ್ಲೇ ಪ್ರೋಬ್ ಕೂಡ ಇಳಿಯಬೇಕು.

ಶಿಕ್ಷಕಿಯವರಲ್ಲಿ ಎರಡೂ ಒಂದನ್ನೊಂದು ಒಪ್ಪಿದವು. ಒಸಡು ಬಿಡಿಸಿ, ಕೆಂಪು ಊತದ ಅಂಗಾಂಶವನ್ನು ತೆಗೆದು ಅಳೆದಾಗ 5 ಮಿ.ಮೀ. ಸಿಕ್ಕಿತು. ಚಿತ್ರದ ಅಳತೆ ಅರ್ಧ ಮಿಲಿಮೀಟರ್ ಹೆಚ್ಚಿತ್ತು. ಇಂಪ್ಲಾಂಟ್‌ಗೆ ಅಂಟಿದ ತೆಳು ಮೂಳೆ ಲೋಹದ ಮಬ್ಬಿನಲ್ಲಿ ಮಾಯವಾಗುವುದರಿಂದ ಇಷ್ಟು ವ್ಯತ್ಯಾಸವನ್ನು ನಾನು ಮೊದಲೇ ನಿರೀಕ್ಷಿಸಿದ್ದೆ. ಥ್ರೆಡ್‌ಗಳನ್ನು ಟೈಟಾನಿಯಂ ಕ್ಯುರೆಟ್‌ನಿಂದ (ಕೆರೆದು ತೆಗೆಯುವ ಉಪಕರಣ) ಶುಚಿಗೊಳಿಸಿ, ಸಲೈನ್‌ನಲ್ಲಿ (ಉಪ್ಪುನೀರಿನಲ್ಲಿ) ತೊಳೆದು, ಒಸಡನ್ನು ಹೊಲಿದೆ. ಬ್ರಷ್ ಒಳಗೆ ಹೋಗಲು ಜಾಗವಾಗುವಂತೆ ಕ್ಯಾಪ್‌ನ ಕೆನ್ನೆ ಬದಿಯ ಉಬ್ಬನ್ನೂ ತೆಗೆಸಿದೆ.

ಆರು ತಿಂಗಳ ನಂತರ ಆ ಜಾಗದ ಆಳ 4 ಮಿ.ಮೀ. ಇತ್ತು, ಪ್ರೋಬ್ ಇಳಿಸಿದಾಗ ರಕ್ತ ಬರಲಿಲ್ಲ. ಮತ್ತೆ ಸಿಬಿಸಿಟಿ ತೆಗೆಸಲಿಲ್ಲ. ಪ್ರೋಬ್‌ನ ಅಳತೆ ಮತ್ತು ಚಿಕ್ಕ ಎಕ್ಸ್‌ರೇ ಸಾಕಾಗಿದ್ದವು. ಇಂಪ್ಲಾಂಟ್‌ಗೆ ಕ್ಯಾಪ್ ಕೂಡಿಸಿದ ದಿನದ ಎಕ್ಸ್‌ರೇ ಮತ್ತು ಆಳದ ಪಟ್ಟಿಯನ್ನು ಈಗ ನಾನು ಪ್ರತಿ ರೋಗಿಯ ಕೈಗೂ ಕೊಡುತ್ತೇನೆ. ಮೊದಲ ದಿನದ ದಾಖಲೆ ಇಲ್ಲದ ಈ ಶಿಕ್ಷಕಿಗೆ ಶಸ್ತ್ರಚಿಕಿತ್ಸೆಯ ನಂತರದ ಪಟ್ಟಿಯನ್ನು ಬರೆದುಕೊಟ್ಟೆ. ಪ್ರತಿ ಭೇಟಿಗೂ ಅವರು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದು, ಹೊಸ ಅಂಕಿಗಳನ್ನು ನನ್ನಿಂದ ಬರೆಸಿಕೊಂಡು ಹೋಗುತ್ತಾರೆ.