ಏಜೆಂಟ್ ಹನ್ನೆರಡೂವರೆ ಕೋಟಿಯನ್ನು 1,250 ಕೋಟಿ ಮಾಡಿದಾಗ

ಕೊಪ್ಪಳದಲ್ಲಿ ಕೂತು ನಾನು ಮಾಡುವ ಕೆಲಸ ಇಷ್ಟು. ರಾಜ್ಯ ಬಜೆಟ್‌ನ ಪಿಡಿಎಫ್‌ಗಳಿಂದ ಅಂಕಿ ತೆಗೆದು ಟೇಬಲ್ ಮಾಡುತ್ತೇನೆ. ಆ ಟೇಬಲ್ ನೋಡಿ ಉತ್ತರ ಕೊಡುವ ಒಂದು ಎಐ ಏಜೆಂಟ್ ನಡೆಸುತ್ತೇನೆ. ಕೇಳುವವರು ಹೆಚ್ಚಾಗಿ ಪಂಚಾಯ್ತಿ ಸದಸ್ಯರು, ಒಬ್ಬಿಬ್ಬರು ಪತ್ರಕರ್ತರು.

ಮೊದಲ ತಿಂಗಳೇ ಮಾನ ಹೋಯಿತು. ಹನ್ನೆರಡೂವರೆ ಕೋಟಿಯ ಬಾಬ್ತನ್ನು ಏಜೆಂಟ್ 1,250 ಕೋಟಿ ಅಂದಿತು. ಕೇಳಿದವರು ಅದನ್ನೇ ಸಭೆಯಲ್ಲಿ ಓದಿಬಿಟ್ಟರು. ಬಜೆಟ್ ಭಾಷಣದಲ್ಲಿ ಮಾತೆಲ್ಲ ಕೋಟಿಯಲ್ಲಿ, ಪುಸ್ತಕದಲ್ಲಿ ಅಂಕಿಗಳು ಲಕ್ಷದಲ್ಲಿ. ನನ್ನ ಟೇಬಲ್‌ನಲ್ಲಿ ಸುಮ್ನೆ 1250.00 ಅಂತಿತ್ತು. ನಾನು ಏಜೆಂಟ್‌ನ ಒಳಗೆ ಕೂತು ಉತ್ತರ ಬರೆಯುವ ಎಐ ಮಾಡೆಲ್‌ಗೆ ಬೈದು, ಅದಕ್ಕಿಂತ ದೊಡ್ಡದನ್ನು ಹಾಕಿದೆ. ಬಿಲ್ ಜಾಸ್ತಿ ಬಂತು, ತಪ್ಪು ಹಾಗೇ ಉಳಿಯಿತು.

ಟೇಬಲ್‌ನಿಂದ ಅಂಕಿ ತರಲು ಮಾಡೆಲ್ ಕರೆಯುವ ಕೋಡ್ ತುಣುಕಿಗೆ ಟೂಲ್ ಅನ್ನುತ್ತಾರೆ. ಆ ಟೂಲ್‌ಗೆ ನಾನು ಬರೆದಿದ್ದ ವಿವರಣೆ ಒಂದೇ ಸಾಲು: ‘ಬಜೆಟ್ ಡೇಟಾ ತರುತ್ತದೆ.’ ಮಾಡೆಲ್‌ಗೆ ನನ್ನ ಕೋಡ್ ಕಾಣುವುದಿಲ್ಲ. ಟೂಲ್‌ನ ಹೆಸರು, ವಿವರಣೆ, ಏನೇನು ಕೊಟ್ಟು ಕರೆಯಬೇಕು ಅನ್ನುವ ಪಟ್ಟಿ, ಇಷ್ಟನ್ನೇ ಓದಿ ಅದು ಕೆಲಸ ಮಾಡಬೇಕು.

ನಮ್ಮ ಸೋದರಮಾವ ಖಜಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಒಂದು ಸಂಜೆ ಅವರ ಮುಂದೆ ಪುಸ್ತಕ ಇಟ್ಟು, ‘ಮಾವಾ, 2024-25ರ ಅಂಕಿ ಹೇಳ್ರಿ’ ಅಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. ‘ಅಲ್ಲೋ ಅಳಿಯಾ, ಯಾವ ಕಾಲಂ ಹೇಳ್ಲಿ? ಆ ವರ್ಷದ್ದು ಎರಡು ಅದಾವಲ್ಲ.’

ಹೌದಲ್ವಾ! 2025ರ ಮಾರ್ಚ್‌ನಲ್ಲಿ ಬಂದ ಬಜೆಟ್ ಪುಸ್ತಕದಲ್ಲಿ 2023-24ರ ಲೆಕ್ಕ, 2024-25ರ ಬಜೆಟ್ ಅಂದಾಜು, ಅದೇ 2024-25ರ ಪರಿಷ್ಕೃತ ಅಂದಾಜು, 2025-26ರ ಬಜೆಟ್ ಅಂದಾಜು, ಹೀಗೆ ನಾಲ್ಕು ಕಾಲಂ. ಲೆಕ್ಕ, ಅಂದರೆ ನಿಜವಾಗಿ ಖರ್ಚಾದದ್ದು, ಸಿಗುವುದು ಎರಡು ವರ್ಷ ಹಿಂದಿನದಕ್ಕೆ ಮಾತ್ರ. ಮಾವ ತಿರುಗಿ ಕೇಳಿದರು. ನನ್ನ ಏಜೆಂಟ್ ಕೇಳದೆ ಯಾವುದೋ ಒಂದನ್ನು ಎತ್ತಿಕೊಳ್ಳುತ್ತಿತ್ತು. ಮಾವನಿಗೆ ಗೊತ್ತಿದ್ದದ್ದನ್ನು ನಾನು ಅದಕ್ಕೆ ಹೇಳಿರಲೇ ಇಲ್ಲ.

ಆ ರಾತ್ರಿ ವಿವರಣೆ ಹೊಸದಾಗಿ ಬರೆದೆ. ಮೂಲ ಇಂಗ್ಲಿಷ್‌ನಲ್ಲಿದೆ, ಕನ್ನಡದಲ್ಲಿ ಹೇಳಿದರೆ ಹೀಗೆ: ‘ರಾಜ್ಯ ಬಜೆಟ್‌ನ ಒಂದು ಲೆಕ್ಕ ಶೀರ್ಷಿಕೆಯ (ಸಂಖ್ಯೆ ಕೊಟ್ಟ ಒಂದು ಬಾಬ್ತಿನ) ಮೊತ್ತ ಕೊಡುತ್ತದೆ. ವರ್ಷ ಅಂದರೆ ಏಪ್ರಿಲ್‌ನಿಂದ ಮಾರ್ಚ್. ಬಗೆ ಕಡ್ಡಾಯ: ಬಜೆಟ್ ಅಂದಾಜು, ಪರಿಷ್ಕೃತ, ಲೆಕ್ಕ, ಈ ಮೂರರಲ್ಲಿ ಒಂದು. ಕೇಳಿದವರು ಬಗೆ ಹೇಳದಿದ್ದರೆ ಊಹಿಸಬೇಡ, ಅವರನ್ನೇ ಕೇಳು. ಜಿಲ್ಲಾವಾರು ಹಂಚಿಕೆ ಇಲ್ಲಿಲ್ಲ. ಜಿಲ್ಲಾ ಪಂಚಾಯ್ತಿಗೆ ಹೋಗುವ ಹಣಕ್ಕೆ ಲಿಂಕ್ ಡಾಕ್ಯುಮೆಂಟ್ (ಆ ಹಣದ ಜಿಲ್ಲಾವಾರು ಪುಸ್ತಕ) ಟೂಲ್ ಬಳಸು.’

ಕೊನೆಯ ಎರಡು ಸಾಲು ಕೊಟ್ಟಷ್ಟು ಫಲ ಬೇರೆ ಯಾವುದೂ ಕೊಡಲಿಲ್ಲ. ಟೂಲ್‌ನಲ್ಲಿ ಏನಿಲ್ಲ ಅಂತ ಬರೆಯುವುದು ನನಗೆ ಹೊಳೆದೇ ಇರಲಿಲ್ಲ. ಮೊದಲು ಕೊಪ್ಪಳದ ಶಾಲೆಗಳ ಹಣ ಕೇಳಿದರೆ ಇಡೀ ರಾಜ್ಯದ ಮೊತ್ತ ತಂದು ಕೊಪ್ಪಳದ್ದು ಅನ್ನುತ್ತಿತ್ತು.

ಲಕ್ಷ-ಕೋಟಿಯ ಗೊಂದಲವನ್ನು ಮಾತ್ರ ವಿವರಣೆಗೆ ಬಿಡಲಿಲ್ಲ. ‘ನೂರರಿಂದ ಭಾಗಿಸಿ ಕೋಟಿ ಮಾಡು’ ಅಂತ ಬರೆದು ನೋಡಿದ್ದೆ. ಹತ್ತರಲ್ಲಿ ಒಂದು ಸಲ ಮರೆಯುತ್ತಿತ್ತು. ಈಗ ಕೋಡ್‌ನಲ್ಲೇ ಭಾಗಿಸಿ ‘12.50 ಕೋಟಿ ರೂಪಾಯಿ’ ಅಂತ ಅಳತೆ ಸಮೇತ ಕಳಿಸುತ್ತೇನೆ. ಕೋಡ್ ಮಾಡಬಹುದಾದ ಲೆಕ್ಕವನ್ನು ಮಾಡೆಲ್ ಕೈಗೆ ಯಾಕೆ ಕೊಡಬೇಕು?

ಆಮೇಲೆ ಬಳ್ಳಾರಿ. ಬಳ್ಳಾರಿಯ ಗೆಳೆಯರೊಬ್ಬರು ಹತ್ತು ವರ್ಷದ ಹೋಲಿಕೆ ಕೇಳಿದರು. ನಡುವೆ ಒಂದು ವರ್ಷ ಜಿಲ್ಲೆಯ ಹಣ ದಿಢೀರನೆ ಕುಸಿದಿದೆ ಅಂತ ಏಜೆಂಟ್ ಹೇಳಿತು. ಹಣ ಕುಸಿದಿರಲಿಲ್ಲ, ಜಿಲ್ಲೆಯೇ ಒಡೆದಿತ್ತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲ ಆ ಕಡೆ ಹೋದವು. ಹರಪನಹಳ್ಳಿ ದಾವಣಗೆರೆಯಿಂದ ಬಳ್ಳಾರಿಗೆ ಬಂದದ್ದೇ 2018ರಲ್ಲಿ. ಸಾಲದ್ದಕ್ಕೆ ಬಳ್ಳಾರಿಯ ಇಂಗ್ಲಿಷ್ ಕಾಗುಣಿತ 2014ರಲ್ಲಿ ಬದಲಾಗಿದೆ, ಹಳೆಯ ಫೈಲ್‌ಗಳಲ್ಲಿ ಹೆಸರೇ ಬೇರೆ. ಈಗ ಲಿಂಕ್ ಡಾಕ್ಯುಮೆಂಟ್ ಟೂಲ್‌ಗೆ ಜಿಲ್ಲೆಯ ಹೆಸರನ್ನು ಪಟ್ಟಿಯಿಂದಲೇ ಆರಿಸಬೇಕು. ಬಳ್ಳಾರಿ ಒಡೆಯುವ ಮುಂಚಿನ ವರ್ಷ ಕೇಳಿದರೆ ‘ಈ ಅಂಕಿಯಲ್ಲಿ ಈಗಿನ ವಿಜಯನಗರವೂ ಸೇರಿದೆ’ ಅನ್ನುವ ಸಾಲು ಉತ್ತರದ ಜೊತೆಗೇ ಬರುತ್ತದೆ.

ಸಣ್ಣ ರಿಪೇರಿಗಳೂ ಆದವು. ಟೇಬಲ್‌ನಲ್ಲಿ ಅಂಕಿಯಿಲ್ಲದ ಖಾಲಿ ಮನೆ ಬೇರೆ, ಸೊನ್ನೆ ಬೇರೆ ಅಂತ ಬರೆದೆ. ‘ದಾಖಲೆ ಸಿಗಲಿಲ್ಲ’ ಅನ್ನುತ್ತಿದ್ದ ಎರರ್ ಸಂದೇಶ ಈಗ ‘ಈ ವರ್ಷದ ಲೆಕ್ಕ ಇನ್ನೂ ಬಂದಿಲ್ಲ, ಪರಿಷ್ಕೃತ ಅಂದಾಜು ಇದೆ’ ಅನ್ನುತ್ತದೆ. ಒಂದಕ್ಕೊಂದು ಹೋಲುತ್ತಿದ್ದ ಹನ್ನೊಂದು ಟೂಲ್‌ಗಳನ್ನು ನಾಲ್ಕಕ್ಕೆ ಇಳಿಸಿದೆ. ಜನ ಕೇಳಿದ ನಲವತ್ತು ಪ್ರಶ್ನೆ ಬರೆದಿಟ್ಟುಕೊಂಡಿದ್ದೇನೆ. ವಿವರಣೆಯಲ್ಲಿ ಒಂದು ಪದ ಬದಲಿಸಿದರೂ ಅಷ್ಟನ್ನೂ ಮತ್ತೆ ಕೇಳಿಸುತ್ತೇನೆ.

ಹೋದ ವಾರ ಮಾವನೇ ಏಜೆಂಟ್‌ಗೆ ಒಂದು ಪ್ರಶ್ನೆ ಹಾಕಿದರು: ಸಣ್ಣ ನೀರಾವರಿಗೆ ರಾಜ್ಯ ಎಷ್ಟು ಇಟ್ಟಿದೆ? ಅದು ಬಗೆ ಕೇಳಿತು, ವರ್ಷ ಕೇಳಿತು, ಅಳತೆ ಸಮೇತ ಉತ್ತರ ಕೊಟ್ಟಿತು. ನಾನು ಹಿಗ್ಗಿದೆ. ಮಾವ ಶೀರ್ಷಿಕೆ ನೋಡಿ, ‘ಇದು 2702, ಬರೇ ರಾಜಸ್ವ ವೆಚ್ಚ. ಬಂಡವಾಳದ್ದು 4702ರಾಗ ಐತಿ. ಕೆರಿ ಕಟ್ಟೋ ರೊಕ್ಕ ಎಲ್ಲಿ ಹೋತು?’ ಅಂದರು. ವಿವರಣೆಗೆ ಇನ್ನೊಂದು ಸಾಲು ಸೇರಿಸಿ ಕೂತಿದ್ದೇನೆ. ನಲವತ್ತು ಪ್ರಶ್ನೆಗಳ ಪಟ್ಟಿ ನಲವತ್ತೊಂದಾಗಿದೆ.