ಬಳೆ ಇರುವ ಕೈಯ ಕಡೆಗೆ ಎಲೆಯ ತುದಿ

ಬೌದ್ಧಿಕ ವಿಕಲತೆ ಇರುವ ವಯಸ್ಕರ ಜೊತೆ ಕೆಲಸ ಮಾಡಲು ತೊಡಗಿ ಹದಿನಾಲ್ಕು ವರ್ಷವಾಯಿತು. ವಿಶೇಷ ಶಾಲೆ ಮುಗಿದ ಮೇಲೆ ಇವರಲ್ಲಿ ಬಹಳಷ್ಟು ಮಂದಿಗೆ ಮನೆ, ಟಿ.ವಿ., ಮತ್ತೆ ಮನೆ. ಅವರನ್ನು ಊರಿನ ಸೇವಾಕಾರ್ಯಗಳಲ್ಲಿ ತೊಡಗಿಸುವುದು ನನ್ನ ಕೆಲಸ. ಬೆಂಗಳೂರಿನಲ್ಲಿ ಇವರಿಗೆ ಹಣ್ಣು ಹಂಚಲು, ಹುಟ್ಟುಹಬ್ಬದ ಊಟ ಹಾಕಿಸಲು ಬರುವವರಿಗೆ ಕೊರತೆಯಿಲ್ಲ. ಇವರ ಕೈಯಿಂದ ಏನನ್ನಾದರೂ ಪಡೆಯಲು ಸಿದ್ಧರಿರುವವರನ್ನು ಹುಡುಕುವುದೇ ಕಷ್ಟ.

ಬನಶಂಕರಿಯ ಒಬ್ಬ ಮಹಿಳೆಯ ವಿಷಯ ಹೇಳುತ್ತೇನೆ. ಅವರಿಗೆ ಮೂವತ್ತೆಂಟು ವರ್ಷ, ಡೌನ್ ಸಿಂಡ್ರೋಮ್ ಇದೆ. ಮೊದಲು ಅವರನ್ನು ಮನೆ ಹತ್ತಿರದ ಪಾರ್ಕಿಗೆ ಗಿಡಗಳಿಗೆ ನೀರು ಹಾಕಲು ಕರೆದೊಯ್ದೆ. ಎರಡು ಸಲವೂ ಕಲ್ಲುಬೆಂಚಿನ ಮೇಲೆ ಕುಳಿತವರು ಏಳಲಿಲ್ಲ. ‘ಹಟ’ ಎಂದರು ತಾಯಿ. ನನಗೆ ಅದು ಸ್ಪಷ್ಟವಾದ ಉತ್ತರವಾಗಿ ಕಂಡಿತು. ಮೂರು ಜಾಗಗಳ ಫೋಟೋ ಮುಂದಿಟ್ಟಾಗ ಅವರು ಎತ್ತಿಕೊಂಡದ್ದು ಬಸವನಗುಡಿಯ ಒಂದು ದೇವಸ್ಥಾನದ ಶನಿವಾರದ ಅನ್ನದಾನದ ಚಿತ್ರವನ್ನು.

ಅಲ್ಲಿನ ಅಡುಗೆ ಭಟ್ಟರು ಕರುಣೆಯುಳ್ಳವರು. ‘ಪಾಪ, ಪುಟ್ಟಿಯನ್ನು ಕೂರಿಸಿ, ಮೊದಲು ಊಟ ಹಾಕೋಣ’ ಎಂದರು. ಮೂವತ್ತೆಂಟು ವರ್ಷದವರನ್ನು ಪುಟ್ಟಿ ಎನ್ನುವವರೆಗೆ ಯಾರೂ ಅವರ ಕೈಗೆ ಸೌಟು ಕೊಡುವುದಿಲ್ಲ; ಆದ್ದರಿಂದ ನಾನು ಎಲ್ಲರೆದುರು ಅವರನ್ನು ‘ನೀವು’ ಎಂದೇ ಮಾತನಾಡಿಸುತ್ತೇನೆ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 5ನೇ ಸೆಕ್ಷನ್‌ನಲ್ಲಿ ಸಮುದಾಯದ ನಡುವೆ ಬಾಳುವ ಹಕ್ಕಿನ ಮಾತಿದೆ. ಭಟ್ಟರ ಮುಂದೆ ಅದನ್ನು ಎತ್ತಲಿಲ್ಲ. ‘ಒಂದು ಪಂಕ್ತಿಗೆ ಎಲೆ ಹಾಕಿ ಉಪ್ಪು ಬಡಿಸುವುದನ್ನು ಇವರಿಗೆ ಬಿಟ್ಟುಕೊಡಿ’ ಎಂದಷ್ಟೇ ಕೇಳಿಕೊಂಡೆ.

ಮೂರು ವಾರ ಮನೆಯಲ್ಲೇ ಅಭ್ಯಾಸ. ಎಲೆ ತೆಗೆದುಕೊಳ್ಳುವುದು, ಬಗ್ಗುವುದು, ತುದಿ ನೋಡಿ ಹಾಸುವುದು, ಮುಂದಕ್ಕೆ ಸರಿಯುವುದು ಎಂದು ಕೆಲಸವನ್ನು ಚಿಕ್ಕ ಚಿಕ್ಕ ಹಂತಗಳಾಗಿ ಬಿಡಿಸಿದೆ. ‘ಚಿಟಿಕೆ ಉಪ್ಪು’ ಎಂದರೆ ಎಷ್ಟು ಎಂಬುದು ಅವರಿಗೆ ತಿಳಿಯಲಿಲ್ಲ, ಒಂದು ಪುಟ್ಟ ಚಮಚ ತಂದ ಮೇಲೆ ಆ ತೊಡಕು ಹೋಯಿತು. ಮೊದಲು ಕೈ ಹಿಡಿದು ಮಾಡಿಸಿದೆ, ಆಮೇಲೆ ಬೆರಳು ತೋರಿಸಿದೆ, ಆಮೇಲೆ ಬರೀ ಕಣ್ಣು. ನನಗೆ ಎಲ್ಲಕ್ಕಿಂತ ಕಷ್ಟವಾಗಿದ್ದು ಬಾಯಿ ಮುಚ್ಚಿಕೊಂಡಿರುವುದು. ಅವರು ತಡೆದು ನಿಂತಾಗ ಮನಸ್ಸಿನಲ್ಲೇ ಹತ್ತು ಎಣಿಸುತ್ತೇನೆ. ಏಳೋ ಎಂಟೋ ಎನ್ನುವಷ್ಟರಲ್ಲಿ ಕೈ ತಾನಾಗಿಯೇ ಮುಂದುವರಿದಿರುತ್ತದೆ.

ಮೊದಲ ಶನಿವಾರ ಇಡೀ ಸಾಲಿನ ಎಲೆಗಳು ತಿರುಗುಮುರುಗಾದವು. ಊಟಕ್ಕೆ ಕುಳಿತವರು ಸುಮ್ಮನೆ ತಮ್ಮ ತಮ್ಮ ಎಲೆ ತಿರುಗಿಸಿಕೊಂಡರು. ಎಲೆ ಹಾಕಿದ ಇವರಿಗೆ ಅದು ಕಾಣಿಸಿತು, ಕಣ್ಣು ತುಂಬಿತು. ತಪ್ಪು ಪೂರ್ತಿ ನನ್ನದು. ಎಲೆಯ ತುದಿ ಉಣ್ಣುವವರ ಎಡಕ್ಕೆ ಬರಬೇಕು. ಮನೆಯಲ್ಲಿ ನಾನು ಅವರ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಉಣ್ಣುವವರ ಕಡೆಯಿಂದ ಕಲಿಸಿದ್ದೆ. ಪಂಕ್ತಿಯಲ್ಲಿ ಅವರು ನಿಲ್ಲುವುದು ಎದುರಿನಲ್ಲಿ, ಅಲ್ಲಿ ಎಡಬಲ ಅದಲುಬದಲು. ಮತ್ತೆ ಎದುರಿನಿಂದಲೇ ಕಲಿಸಿದೆ. ಎಡ, ಬಲ ಎನ್ನುವುದನ್ನೂ ಕೈಬಿಟ್ಟೆ. ಅವರು ಎಡಗೈಗೆ ಗಡಿಯಾರ ಕಟ್ಟುತ್ತಾರೆ, ಬಲಗೈಗೆ ಹಸಿರು ಗಾಜಿನ ಬಳೆ ಹಾಕುತ್ತಾರೆ. ‘ಬಳೆ ಇರುವ ಕೈಯ ಕಡೆಗೆ ತುದಿ. ಉಪ್ಪೂ ಅಲ್ಲೇ.’ ಆಮೇಲೆ ಯಾವ ಸಾಲಿಗೆ ಹೋದರೂ ಎಲೆ ತಪ್ಪಲಿಲ್ಲ. ಈಗ ಎರಡು ಪಂಕ್ತಿಗಳ ಎಲೆ, ಉಪ್ಪು ಅವರದೇ. ಭಟ್ಟರು ‘ಉಪ್ಪಿನ ಅಕ್ಕ ಬಂದರಾ?’ ಎಂದು ಕೇಳುತ್ತಾರೆ.

ಇಲ್ಲೊಂದು ಮಾತು ಹೇಳಲೇಬೇಕು. ಸೇವೆಯ ಹೆಸರಿನಲ್ಲಿ ಬಿಟ್ಟಿ ದುಡಿಮೆ ಮಾಡಿಸಿಕೊಳ್ಳಲು ಬರುವವರಿದ್ದಾರೆ. ಊದುಬತ್ತಿ ಪ್ಯಾಕಿಂಗ್‌ಗೆ ‘ಸ್ವಯಂಸೇವಕರು’ ಬೇಕೆಂದು ಒಬ್ಬ ವ್ಯಾಪಾರಿ ಕೇಳಿದಾಗ ಒಪ್ಪಲಿಲ್ಲ. ಬೇರೆಯವರಿಗೆ ಕೂಲಿ ಕೊಟ್ಟು ಮಾಡಿಸುವ ಕೆಲಸಕ್ಕೆ ಇವರಿಗೂ ಕೂಲಿ ಸಿಗಬೇಕು. ದೇವಸ್ಥಾನದಲ್ಲಿ ಬಡಿಸುವವರು ಯಾರೂ ಸಂಬಳದವರಲ್ಲ. ಆದ್ದರಿಂದಲೇ ಅಲ್ಲಿ ಅವರು ಎಲ್ಲರಿಗೂ ಸಮ.

ಈಗ ಬಸ್ಸಿನ ಪಾಠ ನಡೆದಿದೆ. ಶಕ್ತಿ ಯೋಜನೆ ಬಂದ 2023ರಿಂದ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಚಿಲ್ಲರೆಯ ಲೆಕ್ಕ ಕಲಿಸುವ ಕಷ್ಟ ತಪ್ಪಿತು. ಆಧಾರ್ ತೋರಿಸಿ, ಶೂನ್ಯ ಟಿಕೆಟ್ ಪಡೆದು, ಇಳಿಯುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಬೇಕು. ಕೆಲವು ವಾರ ಅವರ ಪಕ್ಕದಲ್ಲೇ ಕುಳಿತೆ, ಆಮೇಲೆ ಎರಡು ಸೀಟು ಹಿಂದೆ. ತಾಯಿಗೆ ಇನ್ನೂ ಭಯ, ನಾನು ಮನೆಗೆ ಫೋನ್ ಮಾಡುವವರೆಗೆ ಊಟ ಮಾಡುವುದಿಲ್ಲ. ಕಳೆದ ಶನಿವಾರ ನಾನು ಹಿಂದಿನ ಬಾಗಿಲ ಬಳಿ ನಿಂತಿದ್ದೆ. ನಿಲ್ದಾಣ ಬರುವ ಮೊದಲೇ ಅವರು ಎದ್ದು, ಬಳೆಯ ಕೈಯಲ್ಲಿ ಕಂಬಿ ಹಿಡಿದು, ನನ್ನತ್ತ ತಿರುಗಿ ನೋಡದೆ ಇಳಿದರು.