ಮೊದಲು ಊಟ, ಆಮೇಲೆ ಲೆಕ್ಕ: ಮಕ್ಕಳ ಜೊತೆ ಐದು ದಿನ ರಾಬಿನ್ ಹುಡ್

ನಾವು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಗೆ ಬಂದು ಹನ್ನೊಂದು ವರ್ಷ ಆಯಿತು. ಇಲ್ಲಿನ ಕೋಟೆ ಗೋಡೆಯ ಹೊರಗೆ ಬಿಲ್ಲು ಎಳೆದು ನಿಂತ ರಾಬಿನ್ ಹುಡ್ ಪ್ರತಿಮೆ ಇದೆ, 1952ರಲ್ಲಿ ನಿಲ್ಲಿಸಿದ್ದು. ನಮ್ಮ ಮಕ್ಕಳೆಲ್ಲ ಅದರ ಮುಂದೆ ಫೋಟೋ ತೆಗೆಸಿಕೊಂಡವರೇ. ಯಾರು ಅವನು ಅಂತ ಕೇಳಿದರೆ ಮಾತ್ರ "ಸಾಹುಕಾರರ ಹತ್ತಿರ ಕದ್ದು ಬಡವರಿಗೆ ಕೊಟ್ಟವನು" ಅಂತ ಒಂದೇ ಉಸಿರಿಗೆ ಹೇಳಿ ಓಡಿಬಿಡುತ್ತಿದ್ದರು. ನನಗೆ ಅದು ಸಾಕಾಗಲಿಲ್ಲ. ಹೋದ ಈಸ್ಟರ್ ರಜೆಯಲ್ಲಿ ಇಲ್ಲಿನ ಕನ್ನಡ ಮನೆಗಳ ಎಂಟು ಮಕ್ಕಳನ್ನು ಐದು ದಿನ ನಮ್ಮ ಹಿತ್ತಲಿಗೆ ಕರೆದೆ. ಆರರಿಂದ ಹತ್ತು ವರ್ಷದವರು. ಕಥೆ ಕನ್ನಡದಲ್ಲೇ ಹೇಳಿದೆ. ಮಾತು ಕಮ್ಮಿ, ಆಟ ಜಾಸ್ತಿ.

ಅದಕ್ಕೆ ಮೊದಲು ನಾನು ಹಳೆಯ ಹಾಡುಗಳನ್ನು ಓದಿಕೊಂಡೆ. ರಾಬಿನ್ ಹುಡ್ ಮೊದಲು ಇದ್ದದ್ದು ಜನರ ಬಾಯಲ್ಲಿ, ನಮ್ಮ ಲಾವಣಿಗಳ ಹಾಗೆ. 1377ರ ಸುಮಾರಿನ ಒಂದು ಕವಿತೆಯಲ್ಲಿ ಸೋಮಾರಿ ಪಾದ್ರಿಯೊಬ್ಬ, ನನಗೆ ಪ್ರಾರ್ಥನೆ ಸರಿಯಾಗಿ ಬರಲ್ಲ, ರಾಬಿನ್ ಹುಡ್ ಹಾಡುಗಳು ಬರುತ್ತವೆ ಅನ್ನುತ್ತಾನೆ. 1500ರ ಆಸುಪಾಸಿನಲ್ಲಿ ಅಚ್ಚಾದ 'ಗೆಸ್ಟ್' (Gest, ಸಾಹಸದ ಕಥೆ ಅಂತ ಅರ್ಥ) ಅನ್ನುವ ದೊಡ್ಡ ಹಾಡುಗಥೆಯಲ್ಲಿ 456 ಪದ್ಯಗಳಿವೆ. ಅದರಲ್ಲಿ ರಾಬಿನ್ ಹುಡ್ ಪ್ರೇಯಸಿ ಮೇರಿಯನ್ ಇಲ್ಲವೇ ಇಲ್ಲ! ಅವಳು ಮೇ ತಿಂಗಳ ಹಬ್ಬದ ಆಟಗಳಿಂದ ಆಮೇಲೆ ಈ ಕಥೆಗೆ ಬಂದು ಸೇರಿಕೊಂಡವಳು. ಇದನ್ನು ಹೇಳಿದಾಗ ಇಬ್ಬರು ಹುಡುಗಿಯರು "ಹಾಗಾದರೆ ನಾವೇ ರಾಬಿನ್ ಆಗ್ತೀವಿ" ಅಂದರು. ಸರಿ, ಆಗಿ ಅಂದೆ.

ಮೊದಲ ದಿನ ಸೇತುವೆ ಜಗಳ. ಹುಲ್ಲಿನ ಮೇಲೆ ಒಂದು ಅಗಲವಾದ ಹಲಗೆ ಹಾಕಿದೆ. ದೊಣ್ಣೆಯ ಬದಲು ಈಜುಕೊಳದಲ್ಲಿ ಬಳಸುವ ಉದ್ದನೆಯ ಫೋಮ್ ಕೊಳವೆ. ಕಥೆಯಲ್ಲಿ, ಮುಂದೆ ರಾಬಿನ್ ಹುಡ್ ಬಲಗೈ ಆಗುವ ಲಿಟಲ್ ಜಾನ್ ರಾಬಿನ್‌ನನ್ನು ಹೊಳೆಗೆ ಬೀಳಿಸುತ್ತಾನೆ. ಬಿದ್ದವನು ಸಿಟ್ಟಾಗುವುದಿಲ್ಲ, ನಗುತ್ತಾ ಎದ್ದು "ನಮ್ಮ ಜೊತೆ ಬಾ" ಅಂತ ಕರೆಯುತ್ತಾನೆ. ನಾನು ಅದನ್ನೇ ಆಟದ ನಿಯಮ ಮಾಡಿದೆ. ಸೋತವರು ಗೆದ್ದವರನ್ನು ತಮ್ಮ ಗುಂಪಿಗೆ ಕರೆಯಬೇಕು. ನಿಯಮ ಸುಲಭ, ಮಾಡುವುದು ಕಷ್ಟ. ಎಂಟು ವರ್ಷದ ಒಬ್ಬ ಬಿದ್ದ ಮೇಲೆ ಬೇಲಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತ. ಯಾರೂ ಕರೆಯಲಿಲ್ಲ, ನಾನೂ ಸುಮ್ನಿದ್ದೆ. ಸ್ವಲ್ಪ ಹೊತ್ತಿಗೆ ಅವನೇ ಬಂದು ಗೆದ್ದವಳ ಕೈ ಹಿಡಿದು ಎಳೆದುಕೊಂಡು ಹೋದ. ಬಾಯಿ ಬಿಟ್ಟು ಏನೂ ಹೇಳಲಿಲ್ಲ.

ಎರಡನೇ ದಿನ ಬಣ್ಣ. ರಾಬಿನ್ ಹುಡ್ ಗುಂಪಿನ ಬಟ್ಟೆ 'ಲಿಂಕನ್ ಹಸಿರು' (ಲಿಂಕನ್ ಅನ್ನುವ ಊರಿನ ಬಣ್ಣ) ಅಂತ ಪ್ರಸಿದ್ಧ. ಆ ಕಾಲದಲ್ಲಿ ಹಸಿರು ಒಂದೇ ಅದ್ದುವಿಕೆಗೆ ಬರುತ್ತಿರಲಿಲ್ಲ. ವೋಡ್ ಗಿಡದ ನೀಲಿ, ಅದರ ಮೇಲೆ ವೆಲ್ಡ್ ಗಿಡದ ಹಳದಿ. ವೋಡ್ ಎಲೆಯಲ್ಲಿ ಸಿಗುವುದೂ ನಮ್ಮ ನೀಲಿ ಗಿಡದಲ್ಲಿ ಸಿಗುವುದೂ ಒಂದೇ ಬಣ್ಣ. ಹಾಗಾಗಿ ಅಂಗಡಿಯಲ್ಲಿ ಸಿಗುವ ಇಂಡಿಗೊ ಪುಡಿ ತಂದೆ, ಹಳದಿಗೆ ಮನೆಯ ಅರಿಶಿನ ಸಾಕು ಅಂದುಕೊಂಡೆ.

ಇಲ್ಲಿ ನಾನು ತಪ್ಪಿದೆ. ಮಕ್ಕಳಿಗೆ ಸುಲಭ ಅಂತ ಮೊದಲು ಅರಿಶಿನದಲ್ಲಿ ಅದ್ದಿಸಿದೆ. ಬಿಳಿ ಹತ್ತಿ ಬಟ್ಟೆ ಚೆನ್ನಾಗಿ ಹಳದಿಯಾಯಿತು. ಕೈಗವಸು ಹಾಕಿಕೊಂಡು ಅದನ್ನು ನಾನೇ ನೀಲಿಯ ಬಕೆಟ್‌ಗೆ ಇಳಿಸಿದೆ. ಹೊರಗೆ ತೆಗೆದರೆ ಹಸಿರಿನ ಸುಳಿವಿಲ್ಲ, ಅಲ್ಲಲ್ಲಿ ಕೆಂಪು, ಕಂದು ಮಚ್ಚೆ. ಮಕ್ಕಳ ಮುಖ ಸಪ್ಪಗಾಯಿತು. ಒಂದು ಕ್ಷಣ ನನಗೂ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಇಂಡಿಗೊ ಬಕೆಟ್‌ನಲ್ಲಿ ಸುಣ್ಣದ ಹಾಗೇ ಕ್ಷಾರ ಗುಣದ ಸೋಡಾ ಪುಡಿ ಇರುತ್ತದೆ. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಆರತಿ ತಟ್ಟೆಯ ನೀರು ಕೆಂಪಾಗುತ್ತದೆ ಅಲ್ವಾ, ಇಲ್ಲಿಯೂ ಅದೇ ಆಗಿತ್ತು. ಒಳಗಿನಿಂದ ಎರಡು ಬಟ್ಟಲು ಅರಿಶಿನದ ನೀರು ತಂದು ಒಂದರಲ್ಲಿ ಸೋಡಾ, ಇನ್ನೊಂದರಲ್ಲಿ ನಿಂಬೆರಸ ಹಾಕಿ ತೋರಿಸಿದೆ. ಮಕ್ಕಳು ಹಳದಿಯನ್ನು ಕೆಂಪು ಮಾಡುವುದು, ಮತ್ತೆ ಹಳದಿ ಮಾಡುವುದು, ಇದರಲ್ಲೇ ಅರ್ಧ ಗಂಟೆ ಕಳೆದರು.

ಮಾರನೇ ದಿನ ಹಳೆಯ ಬಣ್ಣಗಾರರ ಕ್ರಮವನ್ನೇ ಹಿಡಿದೆವು. ಮೊದಲು ನೀಲಿ. ಬಕೆಟ್‌ನಿಂದ ತೆಗೆದಾಗ ಬಟ್ಟೆ ಹಳದಿ ಹಸಿರು ಕಾಣುತ್ತದೆ, ಗಾಳಿ ತಾಗಿದ ಹಾಗೆ ಕಣ್ಣೆದುರೇ ನೀಲಿಯಾಗುತ್ತಾ ಹೋಗುತ್ತದೆ. ಎಂಟೂ ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಚೆನ್ನಾಗಿ ತೊಳೆದು, ವಿನೆಗರ್ ಬೆರೆಸಿದ ನೀರಿನಲ್ಲಿ ಒಮ್ಮೆ ಜಾಲಿಸಿ, ಆಮೇಲೆ ಅರಿಶಿನ. ಹಸಿರು ಬಂತು! ಅದನ್ನೇ ಕತ್ತರಿಸಿ ಕುಲಾವಿಯ ಥರ ಹೊಲಿದುಕೊಟ್ಟೆ.

ನಾಲ್ಕನೇ ದಿನದ ಬಿಲ್ಲಿನಾಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಿದಿರು ಕಡ್ಡಿ, ದಾರ, ತುದಿಗೆ ಬಟ್ಟೆ ಸುತ್ತಿದ ಬಾಣ. ಹೂವಿನ ಹಾರವನ್ನು ಕೋಲಿಗೆ ತೂಗುಹಾಕಿ ಅದರೊಳಗೆ ಹೊಡೆಯಬೇಕು. ಗೆಸ್ಟ್‌ನಲ್ಲೂ ಗುಲಾಬಿ ಹಾರವೇ ಗುರಿ. ತಪ್ಪಿದವರಿಗೆ ಒಂದು ಏಟು, ಕೊನೆಗೆ ರಾಬಿನ್ನೇ ತಪ್ಪಿ ಏಟು ತಿನ್ನುತ್ತಾನೆ. ನಮ್ಮಲ್ಲಿ ದಿಂಬಿನ ಏಟು.

ನನಗೆ ತುಂಬ ಮುಖ್ಯವಾಗಿದ್ದು ಅದೇ ದಿನದ ಊಟ. ಮೊದಲ ದಿನವೇ ಒಬ್ಬ ಹುಡುಗ "ಕದಿಯೋದು ತಪ್ಪಲ್ವಾ ಆಂಟಿ?" ಅಂತ ಕೇಳಿದ್ದ. ಉತ್ತರ ಕೊಟ್ಟಿರಲಿಲ್ಲ, ಊಟದ ದಿನ ನೋಡೋಣ ಅಂದಿದ್ದೆ. ಗೆಸ್ಟ್‌ನ ರಾಬಿನ್‌ಗೆ ಅತಿಥಿ ಇಲ್ಲದೆ ಊಟ ಸೇರುವುದಿಲ್ಲ. ತನ್ನವರಿಗೆ ಅವನು ಮೊದಲೇ ಹೇಳಿರುತ್ತಾನೆ: ನೇಗಿಲು ಹೂಡುವ ರೈತನನ್ನು ಮುಟ್ಟಬೇಡಿ. ದಾರಿಯಲ್ಲಿ ಸಿಕ್ಕವರನ್ನು ಕರೆತಂದು, ಹೊಟ್ಟೆ ತುಂಬ ಊಟ ಹಾಕಿ, ಆಮೇಲೆ ಕೇಳುತ್ತಾನೆ, "ನಿಮ್ಮ ಹತ್ತಿರ ಎಷ್ಟು ದುಡ್ಡಿದೆ?" ನಿಜ ಹೇಳಿದರೆ ಒಂದು ಕಾಸೂ ಮುಟ್ಟುವುದಿಲ್ಲ. ಸುಳ್ಳು ಹೇಳಿದರೆ ಹೋಯಿತು.

ಒಮ್ಮೆ ಒಬ್ಬ ನೈಟ್, ಅಂದರೆ ಕುದುರೆ ಸವಾರ ವೀರ, ಬರುತ್ತಾನೆ. ಒಂದು ಕಾಲು ರಿಕಾಪಿನಲ್ಲಿ, ಇನ್ನೊಂದು ಹೊರಗೆ ನೇತಾಡುತ್ತಿದೆ. ಹತ್ತು ಶಿಲಿಂಗ್ ಇದೆ ಅನ್ನುತ್ತಾನೆ. ಲಿಟಲ್ ಜಾನ್ ತನ್ನ ಹೊದಿಕೆ ನೆಲಕ್ಕೆ ಹಾಸಿ ಸುರಿದು ಎಣಿಸಿದರೆ ಸರಿಯಾಗಿ ಅಷ್ಟೇ. ಮಗನನ್ನು ಉಳಿಸಲು ಯಾರ್ಕ್‌ನ ಮಠಕ್ಕೆ ಭೂಮಿ ಅಡವಿಟ್ಟು 400 ಪೌಂಡ್ ಸಾಲ ಮಾಡಿದವನು ಅವನು. ರಾಬಿನ್ ಆ 400 ಪೌಂಡನ್ನು ತಾನೇ ಕೈಗಡ ಕೊಡುತ್ತಾನೆ. ಮುಂದೆ ಅದೇ ಮಠದ ಸನ್ಯಾಸಿ ಸಿಗುತ್ತಾನೆ. 20 ಮಾರ್ಕ್ ಇದೆ ಅನ್ನುತ್ತಾನೆ, ಅಂದರೆ 14 ಪೌಂಡೂ ಇಲ್ಲ. ಹೊದಿಕೆಯ ಮೇಲೆ ಸುರಿದರೆ 800 ಪೌಂಡಿಗೂ ಮೇಲೆ!

ಹುಲ್ಲಿನ ಮೇಲೆ ಚಾಪೆ ಹಾಸಿ ಚಿತ್ರಾನ್ನ, ಮೊಸರನ್ನ ಬಡಿಸಿದೆವು. ಪ್ರತಿಯೊಬ್ಬರಿಗೂ ಒಂದು ಚೀಲ, ಒಳಗೆ ರಟ್ಟಿನ ನಾಣ್ಯ. ಎಷ್ಟು ಅಂತ ಅವರಿಗೆ ಮಾತ್ರ ಗೊತ್ತು. ಊಟ ಆದ ಮೇಲೆ ರಾಬಿನ್ ಆದವಳು ಒಬ್ಬೊಬ್ಬರನ್ನೇ ಕೇಳಿದಳು, ಜಾನ್ ಆದವನು ಶಾಲು ಹಾಸಿ ಎಣಿಸಿದ. ಆರು ವರ್ಷದ ಪುಟ್ಟಿ "ಎರಡು" ಅಂದಳು, ಎರಡೇ ಇತ್ತು. ಎಲ್ಲರೂ ತಮ್ಮ ನಾಣ್ಯದಿಂದ ತೆಗೆದು ಅವಳ ಮಡಿಲಿಗೆ ಹಾಕಿದರು. ಹಾಕಿ ಅಂತ ನಾನು ಹೇಳಿರಲಿಲ್ಲ. ಇನ್ನೊಬ್ಬ "ಐದು" ಅಂದ, ಕಾಲುಚೀಲದೊಳಗೆ ಹದಿನಾಲ್ಕು ಸಿಕ್ಕಿತು. ಕದಿಯೋದು ತಪ್ಪಲ್ವಾ ಅಂತ ಕೇಳಿದ್ದವನೇ ಅವನು. "ನಂದು ಕಿತ್ಕೊಂಡಿದ್ದು ಸರಿಯಾ?" ಅಂತ ಜೋರಾಗಿ ಕೇಳಿದ. ಆಗ ಶುರುವಾದ ವಾದ ಅಪ್ಪ ಅಮ್ಮಂದಿರು ಕರೆದುಕೊಂಡು ಹೋಗಲು ಬರುವವರೆಗೂ ನಡೆಯಿತು. ಅರ್ಧ ಜನ ಸರಿ ಅಂದರು, ಅರ್ಧ ಜನ ತಪ್ಪು ಅಂದರು. ನಾನು ತೀರ್ಪು ಕೊಡಲಿಲ್ಲ.

ಕೊನೆಯ ದಿನ ರಾಬಿನ್ ಇದ್ದ ಅಂತ ಕಥೆ ಹೇಳುವ ಷೆರ್ವುಡ್ ಕಾಡು, ಎಡ್ವಿನ್‌ಸ್ಟೋ ಊರಿನ ಪಕ್ಕ. ಹೊರಡುವ ಮೊದಲು ಹಿತ್ತಲಲ್ಲಿ 11 ಮೀಟರ್ ಹಗ್ಗವನ್ನು ಸುತ್ತಲೂ ಇಟ್ಟು ಮಕ್ಕಳನ್ನು ಒಳಗೆ ನಿಲ್ಲಿಸಿದೆ. ಅಲ್ಲಿನ ಮೇಜರ್ ಓಕ್ ಅನ್ನುವ ಹಳೆಯ ದೊಡ್ಡ ಮರದ ಸುತ್ತಳತೆ ಹೆಚ್ಚುಕಮ್ಮಿ ಅಷ್ಟೇ. ಎಂಟು ಜನ ನಿಂತ ಮೇಲೂ ಜಾಗ ಉಳಿಯಿತು. ಮರದ ಹತ್ತಿರ ಹೋಗಲು ಬಿಡುವುದಿಲ್ಲ, ಜನ ತುಳಿದು ತುಳಿದು ಬೇರಿನ ಮೇಲಿನ ಮಣ್ಣು ಗಟ್ಟಿಯಾಯಿತು ಅಂತ 1970ರ ದಶಕದಲ್ಲೇ ಬೇಲಿ ಹಾಕಿದ್ದಾರೆ. ರಾಬಿನ್ ಅದರ ಪೊಟರೆಯಲ್ಲಿ ಅಡಗುತ್ತಿದ್ದ ಅಂತ ಕಥೆ. ಮರದ ವಯಸ್ಸು 800ರಿಂದ 1000 ವರ್ಷ ಅನ್ನುತ್ತಾರೆ. ಹತ್ತು ವರ್ಷದವಳು ಬೆರಳು ಮಡಚಿ ಲೆಕ್ಕ ಹಾಕಿ "800 ಆದರೆ ಅವನ ಕಾಲದಲ್ಲಿ ಇದು ಸಸಿ ಆಂಟಿ, ಹೇಗೆ ಅಡಗ್ತಾನೆ?" ಅಂದಳು. ಅವಳ ಬೆನ್ನು ತಟ್ಟಿದೆ.

ಅರಿಶಿನ ಬಿಸಿಲಿಗೆ ನಿಲ್ಲುವುದಿಲ್ಲ. ಜೂನ್ ಹೊತ್ತಿಗೆ ಕುಲಾವಿಗಳೆಲ್ಲ ಮತ್ತೆ ನೀಲಿಗೆ ತಿರುಗಿದ್ದವು. ಹೋದ ವಾರ ಪುಟ್ಟಿ ತನ್ನದನ್ನು ಮಡಿಚಿ ಚೀಲದಲ್ಲಿ ತಂದು, ಇನ್ನೊಂದು ಸಲ ಅರಿಶಿನಕ್ಕೆ ಹಾಕಿಕೊಡಿ ಅಂದಳು. ಬಟ್ಟೆಯ ಜೊತೆ ಚೀಲದಲ್ಲಿ ಎರಡು ರಟ್ಟಿನ ನಾಣ್ಯವೂ ಇತ್ತು.